ಅಮೆರಿಕದ ಕಾಡುಗಿಡವನ್ನು ಗುರುತಿಸುವುದು ಹೇಗೆ? ನೋಡುವ, ಅಳೆಯುವ, ಬರೆಯುವ ಕ್ರಮ

ಹೂವಿನ ಒಂದು ಫೋಟೊ, ಅದರ ಕೆಳಗೆ "ಇದು ಯಾವ ಗಿಡ?" ಎಂಬ ಪ್ರಶ್ನೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಓದುಗರು ಪ್ರತಿ ಬೇಸಿಗೆಯಲ್ಲೂ ಹೆಚ್ಚಾಗಿ ಕೇಳುವುದು ಇದನ್ನೇ. ಹತ್ತರಲ್ಲಿ ಎಂಟು ಸಲ ಆ ಒಂದು ಫೋಟೊದಿಂದ ಖಚಿತ ಉತ್ತರ ಕೊಡಲು ಆಗುವುದಿಲ್ಲ. ಗುರುತು ಹಿಡಿಯಲು ಬೇಕಾದ ಲಕ್ಷಣ ಎಲೆಯ ಹಿಂಬದಿಯಲ್ಲೋ ಕಾಂಡದ ಗಿಣ್ಣಿನಲ್ಲೋ ಕಾಯಿಯ ಸಿಪ್ಪೆಯ ಮೇಲೋ ಇರುತ್ತದೆ, ಫೋಟೊದಲ್ಲಿ ಅದು ಬಂದಿರುವುದಿಲ್ಲ. ಆದ್ದರಿಂದ ಮೊದಲು ಗಿಡವನ್ನು ವರ್ಣಿಸಿ, ಹೆಸರನ್ನು ಆಮೇಲೆ ಹುಡುಕಿ. ವರ್ಣನೆ ಸರಿಯಾಗಿದ್ದರೆ ಇವತ್ತು ಸಿಗದ ಹೆಸರು ಆರು ತಿಂಗಳ ನಂತರವಾದರೂ ಸಿಗುತ್ತದೆ.

ಉದಾಹರಣೆಗೆ ಇಲ್ಲಿ ಮಿಲ್ಕ್‌ವೀಡ್ ಗಿಡಗಳನ್ನು ಆರಿಸಿಕೊಂಡಿದ್ದೇನೆ. ಇವು ಅಸ್ಕ್ಲೀಪಿಯಸ್ ಎಂಬ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ಸೇರಿದವು. ಖಂಡದ ಪೂರ್ವಾರ್ಧದಲ್ಲಿ ರಸ್ತೆಯಂಚು, ಹಾಳುಬಿದ್ದ ಹೊಲ, ರೈಲುಹಳಿಯ ಬದಿ ಎಲ್ಲೆಲ್ಲೂ ಕಾಣುತ್ತವೆ. ಮೊನಾರ್ಕ್ ಚಿಟ್ಟೆಯ ಹುಳುಗಳಿಗೆ ಇವುಗಳ ಎಲೆಯೇ ಆಹಾರ. ನಮ್ಮ ಎಕ್ಕದ ಗಿಡ ಇವುಗಳ ಹತ್ತಿರದ ನೆಂಟ. ಎಕ್ಕದ ಹೂವನ್ನು ಬಿಡಿಸಿ ನೋಡಿದವರಿಗೆ ಈ ಹೂವಿನ ರಚನೆ ಅರ್ಧ ತಿಳಿದ ಹಾಗೆಯೇ.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್, ಮಿಲಿಮೀಟರ್ ಗೆರೆಗಳಿರುವ 15 ಸೆಂ.ಮೀ. ಸ್ಕೇಲು, ಒಂದು ಸೂಜಿ, ನೋಟ್‌ಬುಕ್, ಪೆನ್ಸಿಲ್, ಫೋನ್. ಒದ್ದೆಯಾದರೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಬರಹ ಹಾಗೆಯೇ ಉಳಿಯುತ್ತದೆ.

ಕೈಲೆನ್ಸನ್ನು ಹೊಸಬರು ಹಿಡಿಯುವ ರೀತಿ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಹೂವಿನ ಮೇಲೆ ಲೆನ್ಸ್ ಇಟ್ಟು ದೂರದಿಂದ ಇಣುಕಿದರೆ ಏನೂ ಸ್ಪಷ್ಟವಾಗಿ ಕಾಣದು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಇನ್ನೊಂದು ಕೈಯಲ್ಲಿರುವ ಹೂವನ್ನು ನಿಧಾನವಾಗಿ ಲೆನ್ಸಿನತ್ತ ತನ್ನಿ. ಎರಡೂವರೆ ಸೆಂ.ಮೀ. ಆಸುಪಾಸಿನಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಬೆಳಕು ಹೂವಿನ ಮೇಲೆ ಬೀಳುವಂತೆ ತಿರುಗಿ ನಿಂತುಕೊಳ್ಳಿ.

ಇದರ ಜೊತೆಗೆ ಒಂದು ಫ್ಲೋರಾ ಬೇಕು. ಒಂದು ಪ್ರದೇಶದಲ್ಲಿ ತಾನಾಗಿ ಬೆಳೆಯುವ ಗಿಡಗಳನ್ನೆಲ್ಲ ವರ್ಣಿಸಿ, ಗುರುತಿಸುವ ದಾರಿಯನ್ನೂ ಕೊಡುವ ಗ್ರಂಥಕ್ಕೆ ಫ್ಲೋರಾ ಎನ್ನುತ್ತಾರೆ. ಮೆಕ್ಸಿಕೊದಿಂದ ಉತ್ತರಕ್ಕಿರುವ ಇಡೀ ಖಂಡಕ್ಕೆ 'ಫ್ಲೋರಾ ಆಫ್ ನಾರ್ತ್ ಅಮೆರಿಕ' ಇದೆ. 1993ರಿಂದ ಸಂಪುಟಗಳಾಗಿ ಬರುತ್ತಿರುವ ಇದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಆದರೆ ಕಲಿಯುವವರು ಅಲ್ಲಿಂದ ಶುರುಮಾಡಬೇಡಿ. ಪ್ರದೇಶ ಚಿಕ್ಕದಾದಷ್ಟೂ ನೀವು ತಳ್ಳಿಹಾಕಬೇಕಾದ ಗಿಡಗಳ ಸಂಖ್ಯೆ ಕಡಿಮೆಯಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವರು ಜೆಪ್ಸನ್ ಇ-ಫ್ಲೋರಾವನ್ನು, ನ್ಯೂ ಇಂಗ್ಲೆಂಡಿನವರು ಗೋ ಬಾಟನಿಯನ್ನು, ಮಿಷಿಗನ್‌ನವರು ಮಿಷಿಗನ್ ಫ್ಲೋರಾವನ್ನು ಬಳಸಿ. ಮೂರೂ ಅಂತರ್ಜಾಲದಲ್ಲಿವೆ.

1. ಮುಟ್ಟುವ ಮೊದಲು

ಪಾಯ್ಸನ್ ಐವಿಯನ್ನು ಗುರುತಿಸಲು ಕಲಿಯದೆ ಪೂರ್ವ ರಾಜ್ಯಗಳ ಕಾಡಿಗೆ ಕಾಲಿಡಬೇಡಿ. ಇದರ ರಸದಲ್ಲಿರುವ ಉರುಶಿಯಾಲ್ ಎಂಬ ಎಣ್ಣೆಯಂಥ ಪದಾರ್ಥ ಚರ್ಮಕ್ಕೆ ತಾಗಿದರೆ ಒಂದೆರಡು ದಿನಗಳಲ್ಲಿ ತುರಿಕೆ, ಬೊಬ್ಬೆ ಏಳುತ್ತವೆ. ಇದು ಮಾವು, ಗೇರುಗಳ ಕುಟುಂಬದ ಗಿಡ. ಮಾವಿನ ಸೊನೆ ತಾಗಿದರೆ ಗುಳ್ಳೆ ಏಳುವ ಮೈಯವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಒಂದು ಎಲೆಯಲ್ಲಿ ಮೂರು ಕಿರುಎಲೆಗಳು, ನಡುವಿನ ಕಿರುಎಲೆಗೆ ಮಾತ್ರ ಉದ್ದ ತೊಟ್ಟು, ಕಾಂಡದ ಮೇಲೆ ಎಲೆಗಳು ಒಂದಾದ ಮೇಲೊಂದು ಬದಿ ಬದಲಿಸಿ ಬರುತ್ತವೆ. ಬಾಕ್ಸ್ ಎಲ್ಡರ್ ಎಂಬ ಮೇಪಲ್ ಜಾತಿಯ ಸಸಿಯಲ್ಲೂ ಮೂರು ಕಿರುಎಲೆಗಳಿರುತ್ತವೆ, ಆದರೆ ಅದರ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಪಾಯ್ಸನ್ ಐವಿ ತಾಗಿತೆಂದು ಅನುಮಾನ ಬಂದರೆ ಕೂಡಲೇ ಸೋಪು ಹಚ್ಚಿ ತೊಳೆಯಿರಿ, ಬಟ್ಟೆ ಮತ್ತು ಉಪಕರಣಗಳನ್ನೂ ತೊಳೆಯಿರಿ. ಒಣಗಿದ ಬಳ್ಳಿಯನ್ನು ಸುಡಬೇಡಿ, ಅದರ ಹೊಗೆ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ.

ಕೊತ್ತಂಬರಿ, ಕ್ಯಾರೆಟ್ ಕುಟುಂಬದ ಕಾಡುಗಿಡಗಳನ್ನು ರುಚಿ ನೋಡಲೇಬೇಡಿ. ವಾಟರ್ ಹೆಮ್ಲಾಕ್ ಪ್ರಾಣ ತೆಗೆಯುವಂಥ ಗಿಡ. ವೈಲ್ಡ್ ಪಾರ್ಸ್ನಿಪ್ ಗಿಡದ ರಸ ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಬರುತ್ತದೆ. ಮಿಲ್ಕ್‌ವೀಡ್ ಹಾಲೂ ಕಣ್ಣಿಗೆ ಅಪಾಯಕಾರಿ, ಎಕ್ಕದ ಹಾಲಿನಂತೆಯೇ ಕಣ್ಣಿನ ಪಾರದರ್ಶಕ ಪೊರೆಗೆ ಪೆಟ್ಟು ಕೊಡುತ್ತದೆ. ಹಾಲು ಮೆತ್ತಿದ ಬೆರಳಿನಿಂದ ಕಣ್ಣುಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಮುಟ್ಟಬೇಡಿ. ಉದ್ದ ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ಅಲ್ಲಿನ ಉಣ್ಣೆಹುಳುಗಳು ಲೈಮ್ ಕಾಯಿಲೆ ಹರಡುತ್ತವೆ, ಮನೆಗೆ ಬಂದ ಮೇಲೆ ಮೈಯನ್ನೆಲ್ಲ ಪರೀಕ್ಷಿಸಿಕೊಳ್ಳಿ.

ಇನ್ನು ಅನುಮತಿಯ ವಿಷಯ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿ ಇಲ್ಲದೆ ಗಿಡ ಕೀಳುವಂತಿಲ್ಲ. ರಾಜ್ಯದ ಪಾರ್ಕು, ಖಾಸಗಿ ಜಮೀನು, ಎಲ್ಲೇ ಆದರೂ ಮೊದಲು ಕೇಳಿ. ಅನುಮತಿ ಇದ್ದ ಕಡೆಯೂ ಸಸ್ಯಶಾಸ್ತ್ರಜ್ಞರು ಪಾಲಿಸುವ ಲೆಕ್ಕ ಇದು: ಇಪ್ಪತ್ತು ಗಿಡ ಕಂಡರೆ ಒಂದಕ್ಕಿಂತ ಹೆಚ್ಚು ಮುಟ್ಟಬಾರದು. ಇಪ್ಪತ್ತು ಕಾಣದಿದ್ದರೆ ಫೋಟೊ, ಟಿಪ್ಪಣಿ ಸಾಕು.

2. ಇಡೀ ಗಿಡ, ಅದು ನಿಂತ ಜಾಗ

ಹೂವಿನ ಕಡೆ ಬಗ್ಗುವ ಮೊದಲು ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ. ನೆಲ ಒಣಗಿದೆಯೇ, ನೀರು ನಿಂತಿದೆಯೇ? ಬಿಸಿಲೋ ನೆರಳೋ? ಮರಳೋ ಜೇಡಿಯೋ? ಒಂಟಿ ಗಿಡವೋ ಗುಂಪೋ? ಮಿಲ್ಕ್‌ವೀಡ್ ಜಾತಿಗಳಲ್ಲಿ ಇಷ್ಟೇ ಬಹಳ ಹೇಳುತ್ತದೆ. ಅಸ್ಕ್ಲೀಪಿಯಸ್ ಇನ್‌ಕಾರ್ನಾಟಾ ಒದ್ದೆ ನೆಲದ ಗಿಡ, ಅಸ್ಕ್ಲೀಪಿಯಸ್ ಟ್ಯುಬರೋಸಾ ನೀರು ಬಸಿಯುವ ಒಣನೆಲದ್ದು. ಸಾಮಾನ್ಯ ಮಿಲ್ಕ್‌ವೀಡ್ ಎನಿಸಿದ ಅಸ್ಕ್ಲೀಪಿಯಸ್ ಸಿರಿಯಾಕಾ ನೆಲದಡಿಯ ಕಾಂಡದಿಂದ ಹಬ್ಬಿ ದೊಡ್ಡ ಗುಂಪು ಕಟ್ಟುತ್ತದೆ.

ಗಿಡ ತಾನಾಗಿ ಬೆಳೆದದ್ದೋ, ನೆಟ್ಟದ್ದೋ ಎಂಬುದನ್ನು ತಪ್ಪದೆ ಬರೆಯಿರಿ. ನರ್ಸರಿಗಳಲ್ಲಿ ಮಾರುವ ಕೆಂಪು-ಹಳದಿ ಹೂವಿನ ಅಸ್ಕ್ಲೀಪಿಯಸ್ ಕುರಾಸ್ಸಾವಿಕಾ ಉಷ್ಣವಲಯದ ಅಮೆರಿಕದ ಗಿಡ. ನಮ್ಮ ಕರ್ನಾಟಕದಲ್ಲೂ ನೀರಿನ ಪಸೆ ಇರುವ ಕಡೆ ಕಾಡುಬಿದ್ದು ಬೆಳೆದಿರುವುದು ಇದೇ. ನ್ಯೂಯಾರ್ಕಿನ ಉದ್ಯಾನದ ಬೇಲಿ ಪಕ್ಕ ಇದನ್ನು ಕಂಡು ಅಲ್ಲಿನ ಕಾಡುಗಿಡವೆಂದು ಬರೆದುಬಿಟ್ಟರೆ ದಾಖಲೆಯೇ ಹಾಳು.

ದಿನಾಂಕ, ಊರು, ಫೋನಿನಲ್ಲಿ ಬರುವ ಅಕ್ಷಾಂಶ-ರೇಖಾಂಶಗಳನ್ನು ಅಲ್ಲೇ ಬರೆದುಕೊಳ್ಳಿ. ಮನೆಗೆ ಹೋಗಿ ನೆನಪಿನಿಂದ ಬರೆಯುವ ಯೋಚನೆ ಬೇಡ.

3. ಕಾಂಡ, ಎಲೆ

ಮೊದಲು ಎಲೆಯ ಜೋಡಣೆ. ಕಾಂಡದಲ್ಲಿ ಎಲೆ ಹುಟ್ಟುವ ಜಾಗ ಗಿಣ್ಣು. ಗಿಣ್ಣಿಗೊಂದು ಎಲೆಯಿದ್ದರೆ ಪರ್ಯಾಯ ಜೋಡಣೆ, ಎದುರುಬದುರು ಎರಡಿದ್ದರೆ ಅಭಿಮುಖ, ಮೂರು ಅಥವಾ ಹೆಚ್ಚಿದ್ದರೆ ಸುತ್ತುಜೋಡಣೆ. ಇದನ್ನು ಕಾಂಡದ ನಡುಭಾಗದಲ್ಲೇ ನೋಡಬೇಕು. ತುದಿಯಲ್ಲಿ ಗಿಣ್ಣುಗಳು ಒತ್ತೊತ್ತಾಗಿ ಇರುವುದರಿಂದ ಪರ್ಯಾಯವೂ ಅಭಿಮುಖದಂತೆ ಕಂಡು ಮೋಸವಾಗುತ್ತದೆ.

ಎರಡನೆಯದು, ನೀವು ಎಲೆ ಎಂದುಕೊಂಡದ್ದು ನಿಜವಾಗಿ ಎಲೆಯೋ ಕಿರುಎಲೆಯೋ? ಎಲೆಯ ಕಂಕುಳಲ್ಲಿ, ಅಂದರೆ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಒಂದು ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಬೇವಿನ ಕಡ್ಡಿಯೊಂದನ್ನು ಹಿಡಿದು ನೋಡಿದರೆ ಇದು ಸ್ಪಷ್ಟ: ಸಾಲಾಗಿ ಕಾಣುವವೆಲ್ಲ ಕಿರುಎಲೆಗಳು, ಇಡೀ ಕಡ್ಡಿ ಸೇರಿ ಒಂದು ಎಲೆ. ಇಲ್ಲಿ ತಪ್ಪಿದರೆ ಮುಂದಿನ ದಾರಿಯೆಲ್ಲ ತಪ್ಪುತ್ತದೆ.

ಆಮೇಲೆ ಅಳತೆ. ಕಾಂಡದ ನಡುಭಾಗದ ಐದು ಎಲೆಗಳ ಉದ್ದ, ಅಗಲ ಅಳೆದು ಕನಿಷ್ಠ-ಗರಿಷ್ಠ ಬರೆಯಿರಿ. ಉದ್ದದಲ್ಲಿ ತೊಟ್ಟನ್ನು ಸೇರಿಸಬೇಡಿ, ಅದನ್ನು ಪ್ರತ್ಯೇಕವಾಗಿ ಅಳೆಯಿರಿ. ಸರಾಸರಿ ಲೆಕ್ಕ ಹಾಕುವುದು ಬೇಡ, ಫ್ಲೋರಾಗಳು ಕೊಡುವುದು ವ್ಯಾಪ್ತಿಯನ್ನು. ಎಲೆಯ ಎರಡೂ ಮುಖಗಳನ್ನು ಲೆನ್ಸಿನಲ್ಲಿ ನೋಡಿ ರೋಮ ಇದೆಯೇ ಎಂದು ಬರೆಯಿರಿ. ಸಿರಿಯಾಕಾದ ಎಲೆಯ ಹಿಂಬದಿ ಮಖಮಲ್ಲಿನಂತೆ ಮೃದು ರೋಮದಿಂದ ತುಂಬಿರುತ್ತದೆ. ಅದನ್ನೇ ಹೋಲುವ ಅಸ್ಕ್ಲೀಪಿಯಸ್ ಸಲಿವಾಂಟಿಯೈಯ ಎಲೆ ಎರಡೂ ಕಡೆ ನುಣುಪು. ಮಧ್ಯ-ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಈ ಎರಡನ್ನೂ ಅದಲುಬದಲು ಮಾಡುವವರು ಎಲೆ ತಿರುಗಿಸಿ ನೋಡದವರೇ.

ಕೊನೆಗೆ ಎಲೆಯ ತುದಿಯನ್ನು ತುಸು ಚಿವುಟಿ. ಬಿಳಿ ಹಾಲು ಬಂತೇ, ನೀರಿನಂಥ ರಸವೇ? ಟ್ಯುಬರೋಸಾ ಒಂದರಲ್ಲಿ ಮಾತ್ರ ಹೆಸರಿಗೆ ತಕ್ಕ ಹಾಲು ಕಾಣದು. ಚಿವುಟುವ ಮೊದಲು ಎಲೆಯ ಅಡಿಯಲ್ಲಿ ಮೊನಾರ್ಕ್ ಮೊಟ್ಟೆಯೋ ಹುಳುವೋ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇದ್ದರೆ ಬೇರೆ ಗಿಡಕ್ಕೆ ಹೋಗಿ.

4. ಹೂವು

ಹೂಗಳು ಗಿಡದ ಮೇಲೆ ಹೇಗೆ ಕೂತಿವೆ ಎಂಬುದನ್ನು ಮೊದಲು ನೋಡಿ. ಮಿಲ್ಕ್‌ವೀಡಿನಲ್ಲಿ ಒಂದೇ ಬಿಂದುವಿನಿಂದ ಹಲವು ತೊಟ್ಟುಗಳು ಛತ್ರಿಯ ಕಡ್ಡಿಗಳಂತೆ ಹೊರಟು, ಪ್ರತಿಯೊಂದರ ತುದಿಯಲ್ಲಿ ಒಂದು ಹೂವಿರುತ್ತದೆ. ಇದಕ್ಕೆ ಛತ್ರಮಂಜರಿ ಎನ್ನುತ್ತಾರೆ. ಅದು ಕಾಂಡದ ತುದಿಯಲ್ಲಿ ಮಾತ್ರ ಇದೆಯೋ, ಮೇಲಿನ ಹಲವು ಎಲೆಗಳ ಬಳಿಯೂ ಇದೆಯೋ ಎಂಬುದನ್ನು ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಒಂದೇ ಹೂವು. ಅಂದು ಅರಳಿದ್ದನ್ನೇ ಆರಿಸಿ, ಬಾಡಿದ ಹೂವಿನ ಬಣ್ಣವೂ ಅಳತೆಯೂ ಬೇರೆ. ಹೊಸಬರು ಇಲ್ಲಿ ಮಾಡುವ ತಪ್ಪು ಯಾವಾಗಲೂ ಒಂದೇ: ಮೇಲೆ ನೆಟ್ಟಗೆ ನಿಂತ ಐದು ಬಟ್ಟಲುಗಳನ್ನು ದಳಗಳೆಂದೂ, ಕೆಳಕ್ಕೆ ಮಡಚಿದ ಐದು ದಳಗಳನ್ನು ಪುಷ್ಪಪತ್ರಗಳೆಂದೂ, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಎಸಳುಗಳೆಂದೂ, ಬರೆಯುತ್ತಾರೆ. ಕೆಳಗಿನಿಂದ ಶುರುಮಾಡಿದರೆ ಗೊಂದಲವಿಲ್ಲ. ಹೂವನ್ನು ತಲೆಕೆಳಗಾಗಿ ಹಿಡಿಯಿರಿ. ಹಿಂದಕ್ಕೆ ಮಡಚಿದ ಭಾಗಗಳನ್ನು ಸೂಜಿಯಿಂದ ಮೆಲ್ಲಗೆ ಎತ್ತಿದರೆ ಅವುಗಳ ಮರೆಯಲ್ಲಿ ಐದು ಚಿಕ್ಕ ಹಸಿರು ಪುಷ್ಪಪತ್ರಗಳು ಕಾಣುತ್ತವೆ. ಹಾಗಾದರೆ ಮಡಚಿದವೇ ದಳಗಳು. ದಳಗಳ ಮೇಲೆ ನಿಂತಿರುವುದು ಕಿರೀಟ, ಎಕ್ಕದ ಹೂವಿನ ನಡುವೆ ಇರುವಂಥದ್ದೇ ಭಾಗ. ಮಿಲ್ಕ್‌ವೀಡಿನಲ್ಲಿ ಈ ಕಿರೀಟ ಐದು ಟೊಳ್ಳು ಬಟ್ಟಲುಗಳಾಗಿರುತ್ತದೆ, ಮಕರಂದ ಸೇರುವುದು ಅವುಗಳಲ್ಲೇ. ಹೆಚ್ಚಿನ ಜಾತಿಗಳಲ್ಲಿ ಪ್ರತಿ ಬಟ್ಟಲಿನೊಳಗಿನಿಂದ ಒಂದು ಬಾಗಿದ ಕೊಂಬು ಹೊರಚಾಚಿರುತ್ತದೆ.

ಬಟ್ಟಲುಗಳ ನಡುವಿರುವ ದಪ್ಪ ಕಂಬದಲ್ಲಿ ಕೇಸರಗಳೂ ಶಲಾಕಾಗ್ರವೂ, ಅಂದರೆ ಗಂಡು ಭಾಗವೂ ಹೆಣ್ಣು ಭಾಗದ ತುದಿಯೂ, ಒಂದಾಗಿ ಬೆಸೆದಿವೆ. ಅದರ ಮೈಮೇಲೆ ಐದು ಕಿರಿದಾದ ಸೀಳುಗಳಿವೆ, ಪ್ರತಿ ಸೀಳಿನ ಮೇಲ್ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಸೀಳಿನಲ್ಲಿ ಸೂಜಿ ತೂರಿಸಿ ಮೇಲಕ್ಕೆ ಎಳೆದರೆ ಆ ಚುಕ್ಕೆ ಸೂಜಿಗೆ ಕಚ್ಚಿಕೊಂಡು ಬರುತ್ತದೆ, ಅದರಿಂದ ಎರಡು ಹಳದಿ ಚೀಲಗಳು ಜೋತಾಡುತ್ತಿರುತ್ತವೆ. ಪರಾಗ ಪುಡಿಯಾಗಿ ಉದುರದೆ ಹೀಗೆ ಗಂಟಾಗಿರುವುದಕ್ಕೆ ಪೊಲಿನಿಯಂ ಎನ್ನುತ್ತಾರೆ. ಜೇನುನೊಣದ ಕಾಲು ಆ ಸೀಳಿನಲ್ಲಿ ಸಿಕ್ಕಿಕೊಂಡಾಗ ಆಗುವುದೂ ಇದೇ. ಇದನ್ನೊಮ್ಮೆ ಕಣ್ಣಾರೆ ನೋಡಿದವರಿಗೆ ಈ ಗುಂಪಿನ ಹೂವು ಮತ್ತೆಂದೂ ತಪ್ಪುವುದಿಲ್ಲ, ದಯವಿಟ್ಟು ಈ ಹೆಜ್ಜೆಯನ್ನು ಬಿಡಬೇಡಿ.

ಐದು ಹೂಗಳಲ್ಲಿ ದಳದ ಉದ್ದ, ಬುಡದಿಂದ ತುದಿಯವರೆಗೆ ಬಟ್ಟಲಿನ ಉದ್ದ ಅಳೆಯಿರಿ. ಬಣ್ಣವನ್ನು ದಳಕ್ಕೊಂದು, ಬಟ್ಟಲಿಗೊಂದು ಎಂದು ಬೇರೆಬೇರೆಯಾಗಿ ಬರೆಯಿರಿ.

5. ಕಾಯಿ, ಬೀಜ

ಹತ್ತಾರು ಹೂಗಳಿರುವ ಗೊಂಚಲಿನಲ್ಲಿ ಕಾಯಿ ಕಟ್ಟುವುದು ಕೆಲವೇ. ಅದು ಒಣಗಿದ ಮೇಲೆ ಒಂದೇ ಬದಿಯಲ್ಲಿ ಸೀಳಿ, ರೇಷ್ಮೆ ಕೂದಲಿನ ಗುಚ್ಛವಿರುವ ಚಪ್ಪಟೆ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಸಿರಿಯಾಕಾದ ಕಾಯಿಯ ಮೇಲೆ ಮೃದುವಾದ ಮುಳ್ಳಿನಂಥ ಗುಬುಟುಗಳಿರುತ್ತವೆ, ಇನ್‌ಕಾರ್ನಾಟಾದ್ದು ನುಣುಪು, ಸಪೂರ. ಜೂನ್-ಜುಲೈಯಲ್ಲಿ ಹೂ ನೋಡಿದ ಗಿಡದ ಬಳಿಗೆ ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ. ಹೋದ ವರ್ಷದ ಒಣಕಾಂಡ ಪಕ್ಕದಲ್ಲೇ ನಿಂತಿದ್ದರೆ ಅದರ ಕಾಯಿಸಿಪ್ಪೆಯೂ ಸುಳಿವು ಕೊಡುತ್ತದೆ, ಆದರೆ ಅದೇ ಗುಂಪಿನದ್ದೆಂದು ಖಾತ್ರಿಯಿದ್ದರೆ ಮಾತ್ರ.

6. ಕುಟುಂಬ

ಕೆಲವು ಕುಟುಂಬಗಳ ಗುರುತು ಬಾಯಿಪಾಠವಾದರೆ ಅರ್ಧ ಕೆಲಸ ಮುಗಿಯಿತು. ಚೌಕ ಕಾಂಡ, ಅಭಿಮುಖ ಎಲೆ, ಎರಡು ತುಟಿಯ ಹೂವು ಇದ್ದರೆ ಹೆಚ್ಚಾಗಿ ತುಳಸಿ-ತುಂಬೆಯ ಕುಟುಂಬ. ನಾಲ್ಕು ದಳ, ನಾಲ್ಕು ಉದ್ದ ಮತ್ತು ಎರಡು ಗಿಡ್ಡ ಕೇಸರ ಇದ್ದರೆ ಸಾಸಿವೆಯದು. ಒಂದೇ ಹೂವಿನಂತೆ ಕಂಡು, ಬಿಡಿಸಿದರೆ ನೂರಾರು ಹೂಗಳಾಗುವುದು ಸೂರ್ಯಕಾಂತಿಯದು. ಅಂದಹಾಗೆ ಸೂರ್ಯಕಾಂತಿಯ ತವರೂ ಉತ್ತರ ಅಮೆರಿಕವೇ.

ಹಳೆಯ ಪುಸ್ತಕ ಬಳಸುವವರು ಒಂದು ವಿಷಯ ಗಮನಿಸಿ. 1998ರಿಂದ ಡಿಎನ್ಎ ಆಧಾರದ ವರ್ಗೀಕರಣ ಬಂದು ಹಲವು ಕುಟುಂಬಗಳು ಬದಲಾಗಿವೆ. ಮಿಲ್ಕ್‌ವೀಡ್‌ಗಳಿಗಿದ್ದ ಪ್ರತ್ಯೇಕ ಕುಟುಂಬ ಈಗ ಕಣಗಿಲೆ, ನಿತ್ಯಪುಷ್ಪಗಳ ಅಪೊಸೈನೇಸಿಯೊಳಗೆ ಸೇರಿದೆ. ಮೇಪಲ್ ಮರಗಳು ಅಂಟುವಾಳದ ಕುಟುಂಬಕ್ಕೆ ಬಂದಿವೆ. ಕುಲಗಳೂ ಒಡೆದಿವೆ: ಆಸ್ಟರ್ ನೋವಿ-ಆಂಗ್ಲಿಯೆ ಎಂದು ಹಳೆಯ ಪುಸ್ತಕದಲ್ಲಿರುವ ಗಿಡ ಈಗ ಸಿಂಫಿಯೋಟ್ರೈಕಂ ನೋವಿ-ಆಂಗ್ಲಿಯೆ. ಹಳೆಯ ಪುಸ್ತಕದ ವರ್ಣನೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕೊನೆಗೆ ಸಿಕ್ಕ ಹೆಸರನ್ನು ಮಾತ್ರ ಹೊಸ ಪಟ್ಟಿಯಲ್ಲಿ ಪರಿಶೀಲಿಸಿ.

7. ಕೀ ಬಳಸುವುದು

ಕೀ ಎಂದರೆ ಜೋಡಿ ಹೇಳಿಕೆಗಳ ಸರಣಿ. ಪ್ರತಿ ಜೋಡಿಯಲ್ಲಿ ನಿಮ್ಮ ಗಿಡಕ್ಕೆ ಒಪ್ಪುವುದನ್ನು ಆರಿಸಿ, ಅದು ತೋರಿಸುವ ಸಂಖ್ಯೆಗೆ ಹೋಗಬೇಕು. ಪೂರ್ವ ಮತ್ತು ಮಧ್ಯ ರಾಜ್ಯಗಳಲ್ಲಿ ಹೆಚ್ಚಾಗಿ ಸಿಗುವ ಏಳು ಮಿಲ್ಕ್‌ವೀಡ್‌ಗಳಿಗಷ್ಟೇ ಒಂದು ಅಭ್ಯಾಸದ ಕೀ ಕೊಡುತ್ತೇನೆ. ಇನ್ನೂ ಬೇರೆ ಜಾತಿಗಳಿವೆ, ಆದ್ದರಿಂದ ಇಲ್ಲಿ ಸಿಕ್ಕ ಉತ್ತರವನ್ನು ನಿಮ್ಮ ಪ್ರದೇಶದ ಫ್ಲೋರಾದಲ್ಲಿ ಮತ್ತೆ ಪರೀಕ್ಷಿಸಲೇಬೇಕು.

1ಅ. ಎಲೆ ಪರ್ಯಾಯ, ರಸ ಹಾಲಿನಂತಿಲ್ಲ, ಹೂ ಕಿತ್ತಳೆ: ಟ್ಯುಬರೋಸಾ
1ಆ. ಎಲೆ ಅಭಿಮುಖ ಅಥವಾ ಸುತ್ತುಜೋಡಣೆ, ಹಾಲು ಇದೆ: 2ಕ್ಕೆ ಹೋಗಿ
2ಅ. ಎಲೆ ಸುತ್ತುಜೋಡಣೆ, ದಾರದಂತೆ ಕಿರಿದು, ಹೂ ಬಿಳುಪು: ವರ್ಟಿಸಿಲ್ಲಾಟಾ
2ಆ. ಎಲೆ ಅಭಿಮುಖ, ಅಗಲವಿದೆ: 3ಕ್ಕೆ ಹೋಗಿ
3ಅ. ಎಲೆ ಭರ್ಜಿಯಾಕಾರ, ಅಗಲಕ್ಕಿಂತ ಉದ್ದ ಹಲವು ಪಟ್ಟು, ಒದ್ದೆ ನೆಲ: ಇನ್‌ಕಾರ್ನಾಟಾ
3ಆ. ಎಲೆ ಅಗಲವಾದ ಅಂಡಾಕಾರ: 4ಕ್ಕೆ ಹೋಗಿ
4ಅ. ಎಲೆ ಎರಡೂ ಕಡೆ ನುಣುಪು: ಸಲಿವಾಂಟಿಯೈ
4ಆ. ಎಲೆಯ ಹಿಂಬದಿ ರೋಮಮಯ: 5ಕ್ಕೆ ಹೋಗಿ
5ಅ. ಬಟ್ಟಲು ಚೂಪಾಗಿ ಸುಮಾರು 1 ಸೆಂ.ಮೀ. ಅಥವಾ ಹೆಚ್ಚು ಉದ್ದ, ಹೂ ನಕ್ಷತ್ರದಂತೆ: ಸ್ಪೆಸಿಯೋಸಾ
5ಆ. ಬಟ್ಟಲು ಅದಕ್ಕಿಂತ ಬಹಳ ಚಿಕ್ಕದು: 6ಕ್ಕೆ ಹೋಗಿ
6ಅ. ಗೊಂಚಲು ಹೆಚ್ಚಾಗಿ ಕಾಂಡದ ತುದಿಯಲ್ಲಿ, ಹೂ ಗಾಢ ಕೆನ್ನೇರಳೆ, ಕಾಯಿಯ ಮೇಲೆ ಗುಬುಟಿಲ್ಲ: ಪರ್ಪ್ಯುರಾಸೆನ್ಸ್
6ಆ. ಗೊಂಚಲು ಮೇಲಿನ ಹಲವು ಎಲೆಗಳ ಬಳಿ, ಹೂ ಮಾಸಲು ಗುಲಾಬಿ, ಕಾಯಿಯ ಮೇಲೆ ಗುಬುಟುಗಳಿವೆ: ಸಿರಿಯಾಕಾ

ಮೊದಲ ಹೇಳಿಕೆ ಸರಿಯೆನಿಸಿದರೂ ಎರಡನೆಯದನ್ನು ಓದದೆ ಮುಂದೆ ಹೋಗಬೇಡಿ. "ಮತ್ತು", "ಅಥವಾ", "ಹೆಚ್ಚಾಗಿ" ಎಂಬ ಪದಗಳ ಮೇಲೆ ಕಣ್ಣಿರಲಿ. ಸಂದೇಹವಿದ್ದ ಜೋಡಿಯ ಸಂಖ್ಯೆ ಗುರುತು ಹಾಕಿಕೊಂಡು ಎರಡೂ ದಾರಿಗಳಲ್ಲಿ ಹೋಗಿ ನೋಡಿ, ತಪ್ಪು ದಾರಿ ಬೇಗನೆ ಅಸಂಬದ್ಧ ಉತ್ತರಕ್ಕೆ ತಲುಪಿಸುತ್ತದೆ. ಹೆಸರು ಸಿಕ್ಕ ಮೇಲೆ ಪೂರ್ತಿ ವರ್ಣನೆಯನ್ನೂ ಹಬ್ಬಿರುವ ಪ್ರದೇಶದ ನಕ್ಷೆಯನ್ನೂ ಹೋಲಿಸಿ. ಸಿರಿಯಾಕಾ ಪೂರ್ವದ್ದು, ಸ್ಪೆಸಿಯೋಸಾ ಪಶ್ಚಿಮದ್ದು. ಎರಡೂ ಸಂಧಿಸುವ ನಡುವಿನ ಬಯಲುಗಳಲ್ಲಿ ಮಿಶ್ರತಳಿಗಳು ಹುಟ್ಟುತ್ತವೆ, ಅಲ್ಲಿ ಬಟ್ಟಲಿನ ಅಳತೆ ನಡುವೆಲ್ಲೋ ಬಂದರೆ ಬಲವಂತದಿಂದ ಒಂದು ಹೆಸರಿಗೆ ಒಗ್ಗಿಸಬೇಡಿ.

ಹೂವಿಲ್ಲದಾಗ ಮಿಲ್ಕ್‌ವೀಡಿನಂತೆಯೇ ಕಾಣುವುದು ಡಾಗ್‌ಬೇನ್. ಅದಕ್ಕೂ ಅಭಿಮುಖ ಎಲೆ, ಬಿಳಿ ಹಾಲು ಇವೆ. ಆದರೆ ಅದರ ಕಾಂಡ ಮೇಲೆ ಚೆನ್ನಾಗಿ ಕವಲೊಡೆಯುತ್ತದೆ, ಹೂವು ಪುಟ್ಟ ಗಂಟೆಯಂತೆ, ಕಿರೀಟವಿಲ್ಲ, ಕಾಯಿ ತೆಳ್ಳಗೆ ಉದ್ದ.

8. ವರ್ಣನೆ ಬರೆಯುವುದು

ಬುಡದಿಂದ ತುದಿಗೆ, ಹೊರಗಿನಿಂದ ಒಳಕ್ಕೆ: ಇದು ಸಸ್ಯವರ್ಣನೆಯ ಕ್ರಮ. ಮಾದರಿ ಹೀಗಿದೆ:

"ಬಹುವಾರ್ಷಿಕ ಮೂಲಿಕೆ, ಗುಂಪಾಗಿ ಬೆಳೆದಿದೆ. ಕಾಂಡ ನೇರ, ಕವಲಿಲ್ಲ, 110–140 ಸೆಂ.ಮೀ., ಮೃದುರೋಮ, ಬಿಳಿ ಹಾಲು. ಎಲೆ ಅಭಿಮುಖ, ಸರಳ. ತೊಟ್ಟು 6–10 ಮಿ.ಮೀ.; ಪತ್ರ ಅಂಡಾಕಾರ, 13–19 × 6–9 ಸೆಂ.ಮೀ., ಅಂಚು ನಯ, ಹಿಂಬದಿ ದಟ್ಟ ರೋಮ. ಛತ್ರಮಂಜರಿ ಮೇಲಿನ ಎಲೆಗಳ ಬಳಿ. ಪುಷ್ಪಪತ್ರ 5, ಹಸಿರು. ದಳ 5, ಹಿಂದಕ್ಕೆ ಮಡಚಿವೆ, 7–9 ಮಿ.ಮೀ., ಮಾಸಲು ಗುಲಾಬಿ. ಬಟ್ಟಲು 5, 4–5 ಮಿ.ಮೀ., ತಿಳಿಗುಲಾಬಿ, ಕೊಂಬು ಒಳಬಾಗಿದೆ. ಕಾಯಿ ಕಂಡಿಲ್ಲ. ರಸ್ತೆಯಂಚು, ಬಿಸಿಲು, ಜಲ್ಲಿ ಬೆರೆತ ಒಣನೆಲ."

"ಕಾಯಿ ಕಂಡಿಲ್ಲ" ಎಂದು ಬರೆದದ್ದನ್ನು ಗಮನಿಸಿ. ಕಾಣದ್ದನ್ನು ಬಿಟ್ಟುಬಿಟ್ಟರೆ, ನೋಡಿಯೂ ಬರೆಯಲಿಲ್ಲವೋ, ಇರಲೇ ಇಲ್ಲವೋ ಎಂದು ಓದುವವರಿಗೆ ತಿಳಿಯದು. "ಸುಂದರ", "ದೊಡ್ಡ ಎಲೆ", "ಬಣ್ಣಬಣ್ಣದ ಹೂ" ಎಂಬ ಮಾತುಗಳಿಂದ ಯಾರಿಗೂ ಉಪಯೋಗವಿಲ್ಲ. ಪುಸ್ತಕದಲ್ಲಿರುವ ಅಳತೆಯನ್ನು ನಿಮ್ಮ ಗಿಡದ ಅಳತೆಯಾಗಿ ನಕಲು ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

9. ಫೋಟೊ, ಒಣಮಾದರಿ

ಕನಿಷ್ಠ ಆರು ಫೋಟೊ ತೆಗೆಯಿರಿ: ಜಾಗದೊಂದಿಗೆ ಇಡೀ ಗಿಡ, ಗಿಣ್ಣು ಕಾಣುವ ಕಾಂಡ, ಎಲೆಯ ಮೇಲ್ಮುಖ, ಹಿಂಬದಿ, ಪಕ್ಕದಿಂದ ಹೂವು, ಸ್ಕೇಲಿನೊಂದಿಗೆ ಹೂವು. ಕಾಯಿ ಇದ್ದರೆ ಏಳನೆಯದು. ಐನ್ಯಾಚುರಲಿಸ್ಟ್‌ನಂಥ ಆ್ಯಪ್ ತಾನಾಗಿ ಸೂಚಿಸುವ ಹೆಸರು ಹುಡುಕಾಟದ ಆರಂಭವಷ್ಟೇ, ಅದು ನೋಡಿದ್ದು ನಿಮ್ಮ ಫೋಟೊವನ್ನು ಮಾತ್ರ. ಕಾಡಿನ ಜಿನ್‌ಸೆಂಗ್, ಆರ್ಕಿಡ್‌ಗಳಂಥ ಗಿಡಗಳನ್ನು ಅಗೆದು ಕದ್ದೊಯ್ಯುವವರಿದ್ದಾರೆ. ಅಂಥ ಗಿಡ ಕಂಡರೆ ನಿಖರ ಜಾಗವನ್ನು ಎಲ್ಲರಿಗೂ ಕಾಣದಂತೆ ಮರೆಮಾಡಿ.

ಒತ್ತಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹಾಲಯಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಅನುಮತಿ ಪಡೆದು ಒಣಮಾದರಿ ಮಾಡುವುದಾದರೆ ಅಮೆರಿಕದ ಹರ್ಬೇರಿಯಂ ಹಾಳೆಯ ಅಳತೆ 16.5 × 11.5 ಇಂಚು. ಮಿಲ್ಕ್‌ವೀಡ್ ಅದಕ್ಕಿಂತ ಉದ್ದ, ಕಾಂಡವನ್ನು ಇಂಗ್ಲಿಷಿನ ವಿ ಅಥವಾ ಎನ್ ಆಕಾರಕ್ಕೆ ಬಗ್ಗಿಸಿ. ಕತ್ತರಿಸಿದ ತುದಿಯನ್ನು ಹಾಲು ನಿಲ್ಲುವವರೆಗೆ ಪೇಪರಿನಿಂದ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಎಲೆಗಳು ಹಾಳೆಗೆ ಅಂಟುತ್ತವೆ. ದಪ್ಪ ಕಾಂಡವನ್ನು ಉದ್ದಕ್ಕೆ ಸೀಳಿ. ಒಂದೆರಡು ಎಲೆಗಳ ಹಿಂಬದಿ ಮೇಲೆ ಬರುವಂತೆ ತಿರುಗಿಸಿ. ವೃತ್ತಪತ್ರಿಕೆಯ ಮಡಿಕೆಯೊಳಗೆ ಭಾರದಡಿ ಇಟ್ಟು, ಪೂರ್ತಿ ಒಣಗುವವರೆಗೆ ದಿನವೂ ಸುತ್ತಲಿನ ಪೇಪರ್ ಬದಲಿಸಿ. ತಡಮಾಡಿದರೆ ಬೂಷ್ಟು ಹಿಡಿಯುತ್ತದೆ, ಎಲೆ ಕಪ್ಪಾಗುತ್ತದೆ. ಒಣಗಿದ ಹೂವಿನಲ್ಲಿ ಗುಲಾಬಿಗೂ ಕೆನ್ನೇರಳೆಗೂ ವ್ಯತ್ಯಾಸ ಉಳಿಯದು, ಹಸಿಯಿದ್ದಾಗಿನ ಬಣ್ಣ ಮಾದರಿಯ ಜೊತೆ ಇಡುವ ಚೀಟಿಯಲ್ಲಿರಲಿ.

ಇಷ್ಟೆಲ್ಲ ಮಾಡಿದರೂ ಜಾತಿ ತೀರ್ಮಾನವಾಗದಿದ್ದರೆ ಚೀಟಿಯ ಮೇಲೆ ಕುಲದ ಹೆಸರಷ್ಟನ್ನೇ ಬರೆದು, ಯಾವ ಜೋಡಿ ಹೇಳಿಕೆಯಲ್ಲಿ ನಿಂತಿರಿ ಎಂಬುದನ್ನು ಪಕ್ಕದಲ್ಲಿ ನಮೂದಿಸಿ. ಹತ್ತಿರದ ವಿಶ್ವವಿದ್ಯಾಲಯದ ಹರ್ಬೇರಿಯಂಗೆ ಕಳಿಸಿ ಕೇಳುವಾಗ ಆ ಒಂದು ಸಾಲು ಅವರಿಗೆ ಮೊದಲು ಬೇಕಾಗುತ್ತದೆ.